ಕಂಚಿನ ಹೆಂಗಸಿನ ಕಿರುಬೆರಳು

ಬದುಕಿದ್ದಾಗ ಶಿಲ್ಪಿ ಆಸ್ಕರ್ ಟ್ರೆಗಿಯರ್‌ನನ್ನು ನಮ್ಮ ವರಂಬಾದಲ್ಲಿ ಯಾರೂ ಊಟಕ್ಕೆ ಕರೆದವರಲ್ಲ. ಸತ್ತ ಮೇಲೆ ಹಳೆಯ ಬೆಣ್ಣೆ ಕಾರ್ಖಾನೆಯನ್ನು ಅವನೊಬ್ಬನದೇ ಮ್ಯೂಸಿಯಂ ಮಾಡಿ, ಊರಿನ ಹೆಮ್ಮೆಯ ಮಗ ಎಂದು ಬೋರ್ಡು ಬರೆಸಿದೆವು. ಒಳಗೆ ಮೂಗು ಮುರಿದ ಮೇಯರ್‌ಗಳು, ಕುದುರೆಯೋ ಹಸುವೋ ಗೊತ್ತಾಗದ ಪ್ರಾಣಿಗಳು. ಜನ ಬರುವುದು ಒಂದನ್ನು ನೋಡಲು ಮಾತ್ರ: ಬಟ್ಟೆಯಿಲ್ಲದೆ, ಬಾಗಿಲಿಗೆ ಬೆನ್ನು ಮಾಡಿ ನಿಂತ ಕಂಚಿನ ಹೆಂಗಸು.

ಮೈಯೆಲ್ಲ ಕಪ್ಪಾಗಿದ್ದರೂ ಅವಳ ಅಂಡು ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಅದು ನಮ್ಮ ಫುಟ್‌ಬಾಲ್ ತಂಡದ ಕೃಪೆ. ಅವಳು ಟ್ರೆಗಿಯರ್‌ನ ಅಂಗಳದಲ್ಲಿದ್ದ ಕಾಲದಿಂದಲೂ ಸೆಪ್ಟೆಂಬರ್‌ನಲ್ಲಿ ಫೈನಲ್‌ಗೆ ಹೊರಡುವ ಮುಂಚೆ ಆಟಗಾರರು ಸಾಲಾಗಿ ಬಂದು ಅದನ್ನು ಸವರಬೇಕು. ಕ್ಯಾಪ್ಟನ್ ಆಗಿದ್ದಾಗ ಮೊದಲ ಕೈ ನನ್ನದು. ಕೋಚ್ ಆದ ಮೇಲೂ ಬಿಡಲಿಲ್ಲ. ಸೋಲುವುದೂ ತಪ್ಪಲಿಲ್ಲ.

ಮುಖ ಯಾವುದೋ ದೇವತೆಯದು. ಮೈ ಮಾತ್ರ ತನ್ನದೆಂದು ಹೋಟೆಲಿನ ನೊಯೆಲೀನ್ ಊರೆಲ್ಲ ಡಂಗುರ ಸಾರಿದ್ದಳು. ಅವಳ ಹೆಸರಿನ ಫಲಕವನ್ನು ಪೀಠಕ್ಕೆ ಹೊಡೆಯಲು ಮ್ಯೂಸಿಯಂನವರು ಭಾನುವಾರ ಎಲ್ಲರನ್ನೂ ಚಹಾಕ್ಕೆ ಕರೆದರು. ಸುದ್ದಿ ಕೇಳಿದಾಗಿನಿಂದ ನನ್ನ ಹೆಂಡತಿ ಬೆರಿಲ್ ಮುಖ ಗಂಟಿಕ್ಕಿಕೊಂಡಿದ್ದಳು. ಲ್ಯಾಮಿಂಗ್ಟನ್ ಕೇಕು ಮಾಡಿಕೊಡು ಎಂದರೆ ನೊಯೆಲೀನ್‌ಳೇ ಮಾಡಿಕೊಳ್ಳಲಿ ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಮ್ಯೂಸಿಯಂ ನೋಡಿಕೊಳ್ಳುವ ಫಿಲಿಪ್ಪಾ ಸುತ್ತಿಗೆ ಎತ್ತಿದಾಗ ಬೆರಿಲ್ ಮುಂದೆ ಹೋದಳು.

"ಸ್ವಲ್ಪ ತಡಿಯಮ್ಮ. ಮೊದ್ಲು ಕಾಲು ನೋಡು, ಆಮೇಲೆ ಹೊಡಿ."

ಕುರ್ಚಿ ಎಳೆದುಕೊಂಡು, ಎಡಗಾಲಿನ ಬೂಟು, ಕಾಲುಚೀಲ ಬಿಚ್ಚಿ, ಕಂಚಿನ ಪಾದದ ಪಕ್ಕ ತನ್ನ ಪಾದವಿಟ್ಟಳು. ಚಿಕ್ಕಂದಿನಲ್ಲಿ ಟಗರು ತುಳಿದು ಅವಳ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಕಂಚಿನದೂ ಹಾಗೇ ಹತ್ತಿ ಕೂತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಇಷ್ಟು ವರ್ಷ ಆ ಹೆಂಗಸಿನ ಕಾಲಿನವರೆಗೆ ಯಾರ ಕಣ್ಣೂ ಇಳಿದಿರಲಿಲ್ಲ, ಅಷ್ಟೆ. ನಿಮ್ಮದೂ ತೋರಿಸಿ ಎಂದು ಫಿಲಿಪ್ಪಾ ಕೇಳಿದ್ದೇ ತಡ, ನೊಯೆಲೀನ್‌ಳ ಕಾಲು ಇದ್ದಕ್ಕಿದ್ದಂತೆ ಬೂಟು ಬಿಚ್ಚಲಾರದಷ್ಟು ಊದಿಕೊಂಡುಬಿಟ್ಟಿತು.

ಮದುವೆಗೆ ಮುಂಚಿನ ಚಳಿಗಾಲವೆಲ್ಲ ಬೆರಿಲ್ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಇವತ್ತಿಗೂ ಅವಳಿಗೆ ಒಂದು ಗುಂಡಿ ಹೊಲಿಯಲೂ ಬರುವುದಿಲ್ಲ. ಅದನ್ನು ನಾನು ಯೋಚಿಸಿದ್ದು ಆಗಲೇ. ಸಿಟ್ಟು ಬಂತು, ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

"ನಂಗಾದ್ರೂ ಹೇಳ್ಬಾರ್ದಿತ್ತಾ?" ಎಂದೆ.

"ಏನಂತ ಹೇಳ್ಲಿ, ಕ್ಲೆಮ್? ವರ್ಷಾ ವರ್ಷಾ ನೀನು ಸವರಿ ಬರ್ತಿದ್ದೆ. ಈ ಸಲನಾದ್ರೂ ಇವನಿಗೆ ಗುರುತು ಸಿಗತ್ತೆ ಅಂತ ನಾನು ಮನೇಲಿ ಕಾಯ್ತಿದ್ದೆ."

ಹಿಂದೆ ನಿಂತಿದ್ದ ಆಟಗಾರರು ಕಿಸಕ್ಕೆಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವರನ್ನು ನೋಡಿಯೇ. ಕಾಲುಚೀಲ ಹಾಕಿಕೊಡಲು ಅವಳ ಮುಂದೆ ಮಂಡಿಯೂರಿದೆ. ಕಣ್ಣು ಮಂಜಾಗಿತ್ತು, ಕೈಗೆ ಸಿಕ್ಕಿದ ಪಾದಕ್ಕೆ ತೊಡಿಸತೊಡಗಿದೆ. ತಣ್ಣಗಿತ್ತು.

"ಈ ಕಡೆ, ಕ್ಲೆಮ್," ಎಂದಳು ಬೆರಿಲ್. "ನಾನು ಈ ಕಡೆ ಇದೀನಿ."