ಹತ್ತನೆಯ ಕೈ

ಸದ್ದಿಲ್ಲ — ಮೂರನೆಯ ಕೈಯೂ ಪೆಟ್ಟಿಗೆಯೊಳಗೆ ಹೋಗಿ ಸದ್ದಿಲ್ಲದೆ ಹೊರಬಂತು, ಸದ್ಯ, ಎಂದು ಬೇರರ್ ಪುಟ್ಟಮಾದಯ್ಯ ಉಸಿರು ಬಿಟ್ಟ, ಮುಖ ಮಾತ್ರ ಮೇಲೆ ಜಂತೆಯ ಕಡೆಗೇ, ಪೆಟ್ಟಿಗೆ ಹಿಡಿದವನು ಕೈಯನ್ನೂ ನೋಡಬಾರದು ಮುಖವನ್ನೂ ನೋಡಬಾರದು, ಮೂವತ್ತೊಂದು ವರ್ಷದಿಂದ ನೋಡಿ ನೋಡಿ ಆ ಜಂತೆಯಲ್ಲಿ ಎಷ್ಟು ಗಂಟಿದೆ ಎಂಬುದೂ ಅವನಿಗೆ ಬಾಯಿಪಾಠ, ಆದರೆ ಕಿವಿಗೆ ಬೀಗ ಹಾಕುವವರು ಯಾರು, ಬೀಟೆ ಮರದ ತಳಕ್ಕೆ ಹುಣಸೆಬೀಜ ಬಿದ್ದರೆ ಟಿಕ್ ಎನ್ನುತ್ತದೆ, ಬೀಳದಿದ್ದರೆ ಇಲ್ಲ, ಅಷ್ಟೇ. ಪ್ರತಿಯೊಬ್ಬರ ಮುಷ್ಟಿಯಲ್ಲೂ ಒಂದೊಂದು ಬೀಜ, ಬೇಡ ಎನ್ನುವವನು ಒಳಗೆ ಬಿಡುತ್ತಾನೆ, ಬೇಕು ಎನ್ನುವವನು ಮುಷ್ಟಿ ಬಿಚ್ಚದೆ ಹೊರಗೆ ತಂದು ಜೇಬಿಗೆ ಹಾಕಿಕೊಳ್ಳುತ್ತಾನೆ, ಮೂರು ಬೀಜ ಬಿದ್ದರೆ ಎಂಥ ಘನಂದಾರಿ ಮನುಷ್ಯನೂ ಜುಬಿಲಿ ಕ್ಲಬ್ಬಿನ ಮೆಂಬರಾಗುವ ಆಸೆ ಬಿಟ್ಟು ಮೆಟ್ಟಿಲಿಳಿಯಬೇಕು, ಮಹಾರಾಜರ ಬೆಳ್ಳಿಹಬ್ಬದ ವರ್ಷ ಚಾಮರಾಜನಗರದ ಅರಿಶಿನದ ಮಂಡಿ ಸಾಹುಕಾರರು ಕ್ಲಬ್ಬು ಕಟ್ಟಿದಾಗ ಮಾಡಿಟ್ಟ ಪದ್ಧತಿ. ಆದರೆ ಇವತ್ತು ಪೆಟ್ಟಿಗೆ ತಿರುಗುತ್ತಿರುವುದು ಮೆಂಬರಿಗಲ್ಲ, ಪವಿತ್ರ ಮೇಡಮ್ಮಿಗೆ, ಆರು ತಿಂಗಳ ಹಿಂದೆ ಬಂದ ಜನರಲ್ ಮ್ಯಾನೇಜರಿಗೆ, ಕಾಯಂ ಮಾಡುವುದೋ ಮನೆಗೆ ಕಳಿಸುವುದೋ — ಕೆಲಸಕ್ಕೆ ಬಂದವರಿಗೆ ಯಾವತ್ತಾದರೂ ಪೆಟ್ಟಿಗೆ ತಿರುಗಿಸಿದ್ದುಂಟೇ, ಹಿಂದಿನ ಮ್ಯಾನೇಜರುಗಳಿಗೆಲ್ಲ ಒಂದು ರುಜು ಹಾಕಿ ಮುಗಿಸಿದ್ದರು, ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ ಈ ದರಿದ್ರ ಯೋಚನೆ. ಕಮಿಟಿಯಲ್ಲಿ ಒಂಬತ್ತು ಜನ, ಇನ್ನು ಆರು ಕೈ ಉಳಿದವು.

ಟಿಕ್ — ಬಿತ್ತಲ್ಲಪ್ಪ, ಯಾರೆಂದು ಕೇಳಬೇಕೇ, ಅತ್ತರಿನ ವಾಸನೆಯೇ ಹೇಳುತ್ತಿದೆ, ರೇಷ್ಮೆ ವ್ಯಾಪಾರದ ಚಂದ್ರಕುಮಾರ್, ಬ್ಯಾಡ್ಮಿಂಟನ್ ಕೋರ್ಟಿಗೆ ಬಂದೊಡನೆ ಆಡುತ್ತಿರುವ ಹುಡುಗಿಯರನ್ನು ಆಚೆ ಕಳಿಸಿ ತಾನು ಇಳಿಯುತ್ತಿದ್ದವನು, ಸರ್ ನಿಮ್ಮ ಸರದಿ ಆರೂಕಾಲಿಗೆ, ಅಲ್ಲೀವರೆಗೆ ಕಾಫಿ ಕುಡೀರಿ ಎಂದರಂತೆ ಮೇಡಮ್ಮು, ನಗುನಗುತ್ತಲೇ, ಅವನು ಇಂಗು ತಿಂದ ಮಂಗನ ಹಾಗೆ ಬೆಂಚಿನ ಮೇಲೆ ಕೂತದ್ದನ್ನು ಪುಟ್ಟಮಾದಯ್ಯನೇ ಕಣ್ಣಾರೆ ನೋಡಿ ಅಡುಗೆಮನೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಗಟ್ಟಿಗಿತ್ತಿ, ಗುಂಡ್ಲುಪೇಟೆಯವಳಲ್ಲವೇ, ಅಪ್ಪ ಚೆಂಡುಹೂ ಬೆಳೆದು ಕೇರಳಕ್ಕೆ ಲೋಡು ಕಳಿಸುವವನು, ಮಲಯಾಳದ ವ್ಯಾಪಾರಿಗಳ ಜೊತೆ ಅವರದೇ ಮಾತಿನಲ್ಲಿ ಚೌಕಾಸಿ ಮಾಡಿ ಬೆಳೆದ ಹುಡುಗಿ, ಬಂಡೀಪುರದ ಕಡೆ ರೆಸಾರ್ಟಿನಲ್ಲಿ ಆನೆ ಕಾಣಲಿಲ್ಲವೆಂದು ಕೂಗಾಡುವ ಜನರನ್ನೇ ಸುಧಾರಿಸಿದವಳಿಗೆ ಇಲ್ಲಿಯವರು ಯಾವ ಲೆಕ್ಕ. ಮೊದಲ ದಿನ, ಬೇಸಗೆಯ ಮಧ್ಯಾಹ್ನ, ಇವನು ಅಂಗಳದ ಕಾದ ಚಪ್ಪಡಿಯ ಮೇಲೆ ಟ್ರೇ ಹಿಡಿದು ಕುಣಿಯುತ್ತ ಬರುತ್ತಿದ್ದಾನೆ, ಎದುರಿಗೆ ಅವರು, ಮಾದಣ್ಣ ಚಪ್ಪಲಿ ಎಲ್ಲಿ ಅಂದರು, ಹಿಂದ್ಗಡೆ ಬೇವಿನ ಮರದ ತಾವ ಬುಟ್ಟಿವ್ನಿ ಮೇಡಮ್, ಕೆಲ್ಸದೋರು ಮೆಟ್ಟಂಗಿಲ್ಲ ಇಲ್ಲಿ — ಮಾದಣ್ಣ ಅಂದರಲ್ಲ, ಲೋ ಮಾದ ಎಂಬುದನ್ನು ಬಿಟ್ಟು ಬೇರೇನೂ ಕೇಳದ ಕಿವಿಗೆ ಅಣ್ಣ ಎಂಬ ಮಾತು ಬಿತ್ತಲ್ಲ, ಆವತ್ತು ರಾತ್ರಿ ತನ್ನೂರು ಉಡಿಗಾಲದ ಮನೆಯಲ್ಲಿ ಹೆಂಡತಿ ಪುಟ್ಟಸಿದ್ದಮ್ಮನಿಗೆ ಮೂರು ಸಲ ಹೇಳಿದ್ದ. ಮಾರನೆಯ ದಿನದಿಂದ ಮೇಡಮ್ಮೂ ಬರಿಗಾಲು, ಆಫೀಸು, ಅಂಗಳ, ಕೋರ್ಟು, ಎಲ್ಲ ಕಡೆ ಬರಿಗಾಲು, ತಿಂಗಳಿಡೀ, ಕೊನೆಗೆ ಅಧ್ಯಕ್ಷರು ಇದೇನಮ್ಮ ಹರಕೆಯೋ ಎಂದು ಕೇಳಿದರೆ, ಸ್ಟಾಫಿನ ರೂಲು ಸರ್, ನಾನೂ ಸ್ಟಾಫೇ ಅಲ್ವಾ, ಅಂದರು, ಅಷ್ಟೇ, ಮರುವಾರ ಎಲ್ಲರ ಕಾಲಿಗೂ ಕ್ಯಾನ್ವಾಸ್ ಶೂ ಬಂತು. ಜಗಳವಿಲ್ಲ, ಅರ್ಜಿಯಿಲ್ಲ, ಹೀಗೂ ಗೆಲ್ಲಬಹುದು ಎಂದು ಐವತ್ತೆಂಟು ವರ್ಷದವನಿಗೆ ಗೊತ್ತೇ ಇರಲಿಲ್ಲ.

ಐದು, ಆರು, ಎರಡೂ ಕೈ ತೆಪ್ಪಗೆ ಬಂದು ತೆಪ್ಪಗೆ ಹೋದವು, ಕೂತ ಸಾಲಿನ ಲೆಕ್ಕಕ್ಕೆ ಏಳನೆಯದು ಲಾಯರ್ ಶಿವಮಲ್ಲು — ಟಿಕ್ — ಅಯ್ಯೋ ನಿನ್ನ ಮನೆ ಕಾಯ್ವಾಗ, ಹೆಂಗಸರು ಪಕ್ಕದ ಕತ್ತಲೆ ಕೋಣೆಯಲ್ಲೇ ಕೂರಬೇಕೆಂಬ ಪದ್ಧತಿಯನ್ನು ಮೇಡಮ್ಮು ತೆಗೆದದ್ದೇ ಇವನಿಗೆ ಮುಳುವಾಯಿತು, ಹೆಂಡತಿ ಬಂದು ರಮ್ಮಿ ಆಡಲು ಕೂತವಳು ಗಂಡನನ್ನೇ ನಾಲ್ಕು ಭಾನುವಾರ ಸೋಲಿಸಿದಳು, ಅವಳ ಮೇಲಿನ ಸಿಟ್ಟು ಇಲ್ಲಿ ಬಿತ್ತು. ಎರಡಾಯಿತು. ಎದೆ ಡವಡವ, ಪೆಟ್ಟಿಗೆ ಎದೆಗೊತ್ತಿಕೊಂಡೇ ಇದೆಯಲ್ಲ, ಒಳಗಿನ ಬೀಜ ಅಲುಗಾಡುತ್ತಿದೆಯೋ ಏನೋ, ಗಟ್ಟಿ ಹಿಡ್ಕೊಳ್ಲಾ ಮಾದ ಎನ್ನುತ್ತಿದ್ದ ಕರಿಬಸವಯ್ಯ, ಇವನಿಗಿಂತ ಮುಂಚೆ ಪೆಟ್ಟಿಗೆ ಹಿಡಿಯುತ್ತಿದ್ದ ಹಿರಿಯ ಬೇರರ್, ಸಾಯುವ ಮುಂಚೆ ಕೈಗೆ ಕೊಟ್ಟು ಹೇಳಿದ, ಕಿವಿಗ್ ಬಿದ್ದುದ್ದು ಬಾಯ್ಗೆ ಬರ್ಬಾರ್ದು ಕಣ್ಲಾ, ಬಂದ್ರೆ ಪೆಟ್ಗೆ ಸತ್ತೋಯ್ತದೆ — ಬರಲಿಲ್ಲ, ಒಂದು ಸಲವೂ ಬರಲಿಲ್ಲ, ದೊಡ್ಡ ದೊಡ್ಡ ಆಫೀಸರುಗಳು ಮೂರು ಬೀಜಕ್ಕೆ ಬಿದ್ದು ಯಾರು ಹಾಕಿದ್ದೋ ಹೇಳೋ ಎಂದು ಕಾರಿನಲ್ಲಿ ಕೂರಿಸಿಕೊಂಡು ಕೇಳಿದರೂ ಬರಲಿಲ್ಲ, ಅದೊಂದೇ ಅವನ ಆಸ್ತಿ. ಎಂಟನೆಯ ಕೈ, ಸದ್ದಿಲ್ಲ, ಗೆದ್ದೆವು, ಇನ್ನುಳಿದದ್ದು ಅಧ್ಯಕ್ಷ ರಘುನಾಥರು, ಮೇಡಮ್ಮನ್ನು ಆರಿಸಿ ತಂದವರೇ ಅವರು, ನಮ್ಮ ಪವಿತ್ರ ನಮ್ಮ ಪವಿತ್ರ ಎಂದು ಬಾಯಿ ತುಂಬ ಹೇಳುವವರು, ಈಗಲೂ ಕೈ ತೂರಿಸುತ್ತಾ ಎಂಥ ಹುಡುಗಿ ಅಂತೀರಿ ಎನ್ನುತ್ತಿದ್ದಾರೆ — ಟಿಕ್. ಕೇಳಲಿಲ್ಲ, ಕೇಳಿಸಿತು, ಇಲ್ಲ, ಅವರ ಉಂಗುರ ಮರಕ್ಕೆ ತಾಗಿರಬೇಕು, ಉಂಗುರದ ಸದ್ದು ಹಾಗಲ್ಲ ಎಂದು ಗೊತ್ತು, ಮೂವತ್ತೊಂದು ವರ್ಷದ ಕಿವಿ, ಲೈಬ್ರರಿಯನ್ನು ಊರಿನ ಹೆಣ್ಣುಮಕ್ಕಳ ಓದಿಗೆ ತೆರೆದ ದಿನ ಪೇಪರಿನಲ್ಲಿ ಮೇಡಮ್ಮಿನ ಫೋಟೋ ಬಂದು ಇವರದು ಬರಲಿಲ್ಲ, ಆ ಪೇಪರನ್ನು ಮಡಿಸಿ ಮಡಿಸಿ ಬೆರಳುದ್ದ ಮಾಡಿಟ್ಟು ಎದ್ದು ಹೋಗಿದ್ದರು. ಮೂರು ಬೀಜ ಬಿದ್ದಾಯಿತು.

ಪೆಟ್ಟಿಗೆ ಮೊದಲು, ಜನ ಆಮೇಲೆ, ಅದೂ ಪದ್ಧತಿಯೇ, ರೀಡಿಂಗ್ ರೂಮಿನ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಗಂಟೆ ಬಾರಿಸಬೇಕು, ಆಗ ಅವರು ಎದ್ದು ಬರುತ್ತಾರೆ, ನಡುವಿನ ಈ ಪಡಸಾಲೆಯಲ್ಲಿ ಅವನೊಬ್ಬನೇ, ಇಪ್ಪತ್ತು ಹೆಜ್ಜೆ, ಕೋತಿ ಕಾಟಕ್ಕೆ ಜಾಲರಿ ಹೊಡೆದ ಕಿಟಕಿ, ಕಿಟಕಿಯಾಚೆ ಮುಂಬಾಗಿಲ ಮೆಟ್ಟಿಲು, ಅಲ್ಲಿ ಯಾರು — ಮೇಡಮ್ಮು. ತಮ್ಮ ಹಣೆಬರಹ ಒಳಗೆ ತಿರುಗುತ್ತಿದ್ದರೆ ಇವರು ಗುಡಿಸುವ ಸಣ್ಣತಾಯಮ್ಮನ ಬಕೀಟಿನ ಒಂದು ಕಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿಸುತ್ತಿದ್ದಾರೆ, ಮುದುಕಿಯ ಮಂಡಿನೋವು, ಈ ತಾವ್ ನಾ ಬರಾದು ಬ್ಯಾಡ ಬುಡಿ ಕಣವ್ವ, ಇಂದ್ಗಡಿಂದ್ಲೇ ಸುತ್ಕೊಂಡ್ ಬತ್ತೀನಿ, ಅನ್ನುತ್ತಾ ಅನ್ನುತ್ತಾ ಸಣ್ಣತಾಯಮ್ಮ ಹತ್ತುತ್ತಿದ್ದಾಳೆ, ಒಂದೊಂದೇ ಮೆಟ್ಟಿಲು, ನಾಲ್ಕನೆಯದರಲ್ಲಿ ಇಬ್ಬರೂ ನಿಂತು ಸುಧಾರಿಸಿಕೊಂಡು ಏನೋ ಹೇಳಿಕೊಂಡು ನಕ್ಕರು. ನಾಳೆಯಿಂದ ಈ ಮುದುಕಿ ಮತ್ತೆ ಹಿಂಬಾಗಿಲು, ಲೈಬ್ರರಿಗೆ ಬರುವ ಆ ಹುಡುಗಿಯರು ಮತ್ತೆ ಗೇಟಿನಾಚೆ, ಇವನು ಮತ್ತೆ ಲೋ ಮಾದ, ಇದೆಲ್ಲ ಒಂದು ಬೀಜದಿಂದ, ಒಂದೇ ಒಂದರಿಂದ, ಕರಿಬಸವಣ್ಣ ನೀನು ಬಾಯಿಗೆ ಬರಬಾರದು ಅಂದೆ, ಕೈಯ ಸುದ್ದಿ ಹೇಳಲಿಲ್ಲವಲ್ಲ — ಛೆ, ಉಂಡ ಮನೆಗೆ ಎರಡು ಬಗೆಯುವುದೇ, ಹದಿನಾರು ಹೆಜ್ಜೆ, ಹದಿನೇಳು, ಪೆಟ್ಟಿಗೆಯ ಬಾಯಿಗೆ ಹೊಲಿದ ಹಸಿರು ಬಟ್ಟೆಯ ತೋಳಿನೊಳಗೆ ಇಷ್ಟು ವರ್ಷ ಬರೀ ಬೇರೆಯವರ ಕೈ ಹೋಗುವುದನ್ನು ಕೇಳಿದ್ದವನ ಕೈ ತಾನೇ ಹೋಯಿತು, ಒಳಗೆ ತಣ್ಣಗಿದೆ, ಬೀಟೆ ಮರದ ತಳ ಇಷ್ಟು ನುಣುಪೆಂದು ಗೊತ್ತಿರಲಿಲ್ಲ, ಸಿಕ್ಕಿತು, ಎಲ್ಲಿ ಇಡಲಿ, ಬೇರರ್ ಅಂಗಿಗೆ ಜೇಬು ಇಟ್ಟಿಲ್ಲ ಸಾಹುಕಾರರು, ಕಿಟಕಿಗೆ ಜಾಲರಿ, ಗುಡಿಸಿದ ನೆಲ ಕನ್ನಡಿಯಂತಿದೆ, ಹಿಂದೆ ಕಮಿಟಿ ರೂಮಿನಲ್ಲಿ ಕುರ್ಚಿ ಎಳೆದ ಸದ್ದು, ಬಾಯಿಗೆ ಹಾಕಿಕೊಂಡ. ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಗಂಟೆ ಬಾರಿಸಿದ.

ರಘುನಾಥರು ಬಿಳಿ ಬಟ್ಟೆಯ ಮೇಲೆ ಪೆಟ್ಟಿಗೆ ಮಗುಚಿದರು, ಎರಡು ಬೀಜ, ಮತ್ತೊಮ್ಮೆ ಕುಲುಕಿದರು, ಎರಡೇ, ತನ್ನದಲ್ಲದೆ ಇನ್ನೆಷ್ಟು ಬಿದ್ದಿತ್ತೆಂದು ಯಾರಿಗೂ ಗೊತ್ತಿಲ್ಲವಲ್ಲ, ಅವರ ಮುಖ ಒಂದು ಗಳಿಗೆ ಪೆಚ್ಚಾಗಿ ಆಮೇಲೆ ಅರಳಿತು, ಕಾಯಂ ಆಯಿತಪ್ಪ ಎಂದು ಅವರೇ ಮೊದಲು ಚಪ್ಪಾಳೆ ಹೊಡೆದರು, ಚಂದ್ರಕುಮಾರನೂ ಹೊಡೆದ, ಶಿವಮಲ್ಲುವೂ ಹೊಡೆದ, ಮೇಡಮ್ಮು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು, ಎಲ್ಲರಿಗೂ ಕೈ ಮುಗಿದರು, ಸಂತೋಷವಾಯಿತು ಪುಟ್ಟಮಾದಯ್ಯನಿಗೆ, ಸುಳ್ಳೇಕೆ, ತನ್ನ ಮಗಳು ಪಾಸಾದ ದಿನವೂ ಇಷ್ಟು ಆಗಿರಲಿಲ್ಲ, ಅವರೆಲ್ಲ ಕಾಫಿಗೆ ಎದ್ದು ಹೋದ ಮೇಲೆ ಮೇಡಮ್ಮು ಇವನ ಹತ್ತಿರ ಬಂದು ನಿಂತರು, ಕಣ್ಣು ತುಂಬಿತ್ತು. ಮಾದಣ್ಣ, ಈ ಓಟು ನಾನೇ ಕೇಳಿದ್ದು ಕಣಣ್ಣ, ಅಧ್ಯಕ್ಷರು ರುಜು ಹಾಕ್ಬುಡ್ತೀನಿ ಅಂದ್ರು, ನಾನೇ ಬ್ಯಾಡ ಅಂದೆ, ಪೆಟ್ಟಿಗೆ ನಿಮ್ ಕೈಲಿದ್ರೆ ಬಿದ್ದಿದ್ದೇ ಬರೋದು ಅಂತ ಗುಂಡ್ಲುಪೇಟೆವರೆಗೂ ಹೆಸರು ನಿಮ್ಗೆ, ಇನ್ಮೇಲೆ ಯಾರೂ ನನ್ನ ಯಾರ್ದೋ ದಯದಿಂದ ಉಳ್ಕೊಂಡೋಳು ಅನ್ನಂಗಿಲ್ಲ ನೋಡಿ. ಅಂದು ಅವನ ಎರಡೂ ಕೈ ಹಿಡಿದುಕೊಂಡರು, ಏನಾದರೂ ಹೇಳಬೇಕು, ಒಳ್ಳೆಯದಾಗಲಿ ತಾಯಿ ಎನ್ನಬೇಕು, ಇಲ್ಲ ಕಣವ್ವ ಎನ್ನಬೇಕು, ಅವರು ಮುಖ ನೋಡುತ್ತಾ ಕಾಯುತ್ತಿದ್ದಾರೆ, ಬಾಯಿ ತೆರೆಯುವುದು ಹೇಗೆ, ನಾಲಿಗೆಯ ಕೆಳಗೆ ಬೀಜ, ಕರಗುವುದಿಲ್ಲ, ನುಂಗಲು ಹೋದರೆ ಇಳಿಯುವುದಿಲ್ಲ, ಯಾಕಣ್ಣ ಸುಮ್ನಾದ್ರಿ ಅನ್ನುತ್ತಿದ್ದಾರೆ, ನಾಲಿಗೆಯ ಕೆಳಗೆ ಗಟ್ಟಿಯಾಗಿ, ನುಣ್ಣಗೆ, ಬೀಜ, ಯಾಕಣ್ಣ, ನಾಲಿಗೆಯ ಕೆಳಗೆ ಬೀಜ —