ನಕ್ಷತ್ರದ ಎಂಟನೆಯ ಮೂಲೆ

ಒಂದು ಆಕಾರವನ್ನು ಜರುಗಿಸುವುದೆಂದರೆ ಅದರ ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ, ಒಂದೇ ಅಳತೆ ನಡೆಯಬೇಕು ಎಂದು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಹೇಳಿಕೊಟ್ಟವಳು ನಾನು. ಒಂದು ಬಿಂದು ಹಿಂದೆ ಉಳಿದರೂ ಅದು ಜರುಗಿಸಿದ್ದಲ್ಲ, ಮುರಿದದ್ದು ಎನ್ನುತ್ತಿದ್ದೆ. ಹಾಗೆ ತಪ್ಪು ಮಾಡಿದ ಹುಡುಗಿಯರನ್ನು ಬೋರ್ಡಿನ ಪಕ್ಕ ಪಾಠ ಮುಗಿಯುವವರೆಗೆ ನಿಲ್ಲಿಸಿದ್ದೂ ಉಂಟು. ಈಗ ಹೇಳಹೊರಟಿರುವುದು ನನ್ನ ತಪ್ಪಿನ ಸಂಗತಿ.

ಎರಡು ವರ್ಷದ ಹಿಂದೆ ಮಗ, ಸೊಸೆ ಮನೆಯ ಹಾಲಿನ ಹಳೆಯ ನೆಲ ಒಡೆಸಿ ಟೈಲ್ಸ್ ಹಾಕಿಸಿದರು. ಗೇಣಗಲದ ಬೂದು ಟೈಲ್ಸ್ ನಡುವೆ ನಾಲ್ಕು ತುದಿಯ ನೀಲಿ ನಕ್ಷತ್ರವೊಂದು ಇರಲಿ ಎಂದವಳು ಸೊಸೆ. ಅದನ್ನು ನಾನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುತ್ತೇನೆ ಎಂದವಳು ನಾನೇ, ಯಾರೂ ಕೇಳಿರಲಿಲ್ಲ. ಅಡುಗೆಮನೆ ಬಾಗಿಲ ಪಕ್ಕದ ಮೂಲೆಯನ್ನು ಸೊನ್ನೆ ಎಂದು ಇಟ್ಟುಕೊಂಡೆ. ಅಲ್ಲಿಂದ ಕಿಟಕಿಯ ಕಡೆಗೆ ಎಷ್ಟು ಟೈಲ್ಸ್, ಹಿಂದಿನ ಗೋಡೆಯ ಕಡೆಗೆ ಎಷ್ಟು ಟೈಲ್ಸ್ ಎಂದು ಲೆಕ್ಕ ಹಾಕಿ, ನಕ್ಷತ್ರದ ನಾಲ್ಕು ತುದಿ, ನಾಲ್ಕು ಒಳಮೂಲೆ, ಒಟ್ಟು ಎಂಟಕ್ಕೂ ಎರಡೆರಡು ಸಂಖ್ಯೆ ಬರೆದೆ. ಬಹಳ ದಿನದ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ರಾಣಿಯ ಹಾಗೆ ಕೂತು ಬರೆದೆ.

ಮಾರನೆಯ ದಿನ ಸೊಸೆ ಟೇಪು ಹಿಡಿದು ಅಳೆದಳು. ಅರ್ಧ ನಕ್ಷತ್ರ ಊಟದ ಮೇಜಿನ ಕೆಳಗೆ ಹೋಗುತ್ತಿತ್ತು. ಕಿಟಕಿಯ ಕಡೆಗೆ ನಾಲ್ಕು ಟೈಲ್ಸ್, ಹಿಂದಿನ ಗೋಡೆಯಿಂದ ಈಚೆ ಬೀದಿ ಬಾಗಿಲ ಕಡೆಗೆ ಎರಡು ಟೈಲ್ಸ್ ಸರಿಸಿದರೆ ಸರಿಹೋಗುತ್ತಿತ್ತು. ಮೊದಲ ಸಂಖ್ಯೆಗೆ ನಾಲ್ಕು ಕೂಡಿಸಬೇಕು, ಎರಡನೆಯದರಿಂದ ಎರಡು ಕಳೆಯಬೇಕು, ಅಷ್ಟೆ. ಏಳು ಮೂಲೆ ಬರೆದು ಮುಗಿಸಿದೆ. ಎಂಟನೆಯದು ಎಡಗಡೆಯ ತುದಿ, ಆರು ಮತ್ತು ಎಂಟರಲ್ಲಿತ್ತು. ಆರನ್ನು ಹತ್ತು ಮಾಡಿದಾಗ ಪಕ್ಕದ ಮನೆಯಾಕೆ ಗೇಟಿನಲ್ಲಿ ಕೂಗಿದರು. ಮಾತಾಡಿಸಿ ಬಂದವಳು ಎಂಟನ್ನು ಎಂಟಾಗಿಯೇ ಇಳಿಸಿದೆ. ಮತ್ತೊಮ್ಮೆ ನೋಡಲಿಲ್ಲ. ನೋಡಿ, ಮತ್ತೊಮ್ಮೆ ನೋಡಿ ಎಂದು ಮಕ್ಕಳಿಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ.

ಟೈಲ್ಸ್ ಹಾಕಲು ಬಂದ ಮೇಸ್ತ್ರಿ ಐವತ್ತು ದಾಟಿದವರು. ಪ್ರತಿ ಟೈಲ್ಸ್ ಮೇಲೂ ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಮನೆಯ ಕೆಲಸ ವಹಿಸಿಕೊಂಡಿದ್ದ ಕಂಟ್ರಾಕ್ಟರು ಅವರನ್ನು ಕರೆಯುತ್ತಿದ್ದುದೇ 'ರಸಮಟ್ಟ' ಎಂದು. ನನಗೆ ಕೆಮ್ಮು ಎಂದು ಯಾರು ಹೇಳಿದರೋ, ಮೊದಲ ದಿನವೇ ಒಂದು ಗೋಣಿಚೀಲ ನೆನೆಸಿ ತಂದು, ಧೂಳು ಒಳಗೆ ಬಾರದಂತೆ ನನ್ನ ಕೋಣೆಯ ಹೊಸ್ತಿಲಿಗೆ ಒತ್ತಿಟ್ಟರು. ಚೀಲ ಒಣಗಿದಾಗಲೆಲ್ಲ ಎದ್ದು ಬಂದು ನೀರು ಚಿಮುಕಿಸುತ್ತಿದ್ದರು.

ನನ್ನ ಕಾಗದವನ್ನು ಅವರು ನಿಂತು ಓದಿದರು, ಕೂತು ಓದಿದರು. ಆಮೇಲೆ ಬೀನ್ಸ್ ಹೆಚ್ಚುತ್ತಿದ್ದ ನನ್ನ ಹತ್ತಿರ ಬಂದರು.

"ಟೀಚರಮ್ಮ, ಈ ಎಡಗಡೆ ತುದಿ ಹತ್ತು, ಎಂಟು ಅಂತಿದೆ. ಹತ್ತು, ಆರು ಆಗ್ಬೇಕೇನೋ. ಒಂದ್ಸಲ ನೋಡ್ತೀರಾ?"

ಕನ್ನಡಕ ಕೋಣೆಯಲ್ಲಿತ್ತು. ಏಳಲು ಮನಸ್ಸಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಟೈಲ್ಸ್ ಹಾಕುವವರು ನನ್ನ ಲೆಕ್ಕ ತಿದ್ದುವುದೇ ಎನಿಸಿತು.

"ಕಾಗದದಲ್ಲಿ ಇರೋದನ್ನ ಮಾಡಿ ಮೇಸ್ತ್ರಿ. ಲೆಕ್ಕ ನನಗೆ ಬಿಡಿ."

ಅವರು ಆಯಿತಮ್ಮ ಎಂದು ಹೋದರು.

ಮರುದಿನ ಸಂಜೆ ಕಂಟ್ರಾಕ್ಟರು ಬರುವ ಹೊತ್ತಿಗೆ ನಕ್ಷತ್ರ ಕೂತಿತ್ತು. ಮೂರು ತೋಳು ನೇರ. ನಾಲ್ಕನೆಯದರ ತುದಿ ಮಾತ್ರ ಹಿಂದಿನ ಗೋಡೆಯ ಕಡೆಗೆ ಎರಡು ಟೈಲ್ಸ್ ಸರಿದು, ತೋಳು ಸೊಟ್ಟಗೆ ಚಾಚಿಕೊಂಡಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅನ್ನೋ ಹಾಗಿದೆಯಲ್ಲ ಎಂದು ಸೊಸೆ ಮೊದಲು ನಕ್ಕಳು, ಆಮೇಲೆ ಮುಖ ಸಪ್ಪಗೆ ಮಾಡಿಕೊಂಡಳು. ನನಗೆ ಒಂದೇ ನೋಟಕ್ಕೆ ಗೊತ್ತಾಯಿತು, ಆ ತುದಿ ಯಾಕೆ ಅಲ್ಲಿದೆ ಎಂದು. ಕಂಟ್ರಾಕ್ಟರು ಕಾಗದದಲ್ಲೇ ಹಾಗಿತ್ತೇನು ಎಂದು ಕೇಳಿದರು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಸೊಸೆ, ನಮ್ಮತ್ತೆ ಮೂವತ್ತು ವರ್ಷ ಲೆಕ್ಕದ ಟೀಚರಾಗಿದ್ದವರು, ಅವರ ಕಾಗದದಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ ಎಂದುಬಿಟ್ಟಳು. ಅಷ್ಟು ಅಭಿಮಾನದಿಂದ ಅವಳು ನನ್ನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮೇಸ್ತ್ರಿ ನನ್ನನ್ನು ಒಮ್ಮೆ ನೋಡಿದರು. ಅಂಗಿಯ ಜೇಬಿನಿಂದ ಹಾಳೆಯ ತುದಿ ಇಣುಕುತ್ತಿತ್ತು. ಎರಡು ಬೆರಳಲ್ಲಿ ಅದನ್ನು ಒಳಕ್ಕೆ ತಳ್ಳಿದರು.

"ನನ್ನ ಕಣ್ಣು ತಪ್ಪಿತು ಸರ್."

"ನಿನ್ನ ಕಣ್ಣೇ ತಪ್ಪಿದ್ರೆ ಆಯ್ತಲ್ಲಪ್ಪಾ ರಸಮಟ್ಟ. ಇದನ್ನ ಕಿತ್ತು ಸರಿಮಾಡಿ ಹೋಗು. ಆಸ್ಪತ್ರೆ ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ."

ಆಸ್ಪತ್ರೆಯ ಮೂರು ಮಹಡಿಯ ನೆಲ, ಆರು ತಿಂಗಳ ಕೆಲಸ. ಅದನ್ನು ನೆಚ್ಚಿಕೊಂಡೇ ಮೇಸ್ತ್ರಿ ಬೇರೆ ಎರಡು ಕಡೆ ಬರುವುದಿಲ್ಲ ಎಂದಿದ್ದರೆಂಬುದು ನನಗೆ ಗೊತ್ತಿತ್ತು. ಚಹಾ ಕುಡಿಯುವಾಗ ಅವರೇ ಹೇಳಿದ್ದರು. ನನ್ನ ಬಾಯಲ್ಲಿ ನಾಲಿಗೆ ಇತ್ತು. ನಾನು ಗೋಡೆ ಹಿಡಿದು ನಿಂತಿದ್ದೆ, ಸುಮ್ಮನೆ. ಕಂಟ್ರಾಕ್ಟರು ಸ್ಕೂಟರ್ ಹತ್ತಿ ಹೋದರು.

ಬೆಳಿಗ್ಗೆ ಮೇಸ್ತ್ರಿ ಎಂದಿನ ಹೊತ್ತಿಗೆ ಬಂದರು. ಮೊದಲು ಗೋಣಿಚೀಲಕ್ಕೆ ನೀರು ಹಾಕಿದರು, ಆಮೇಲೆ ಉಳಿ, ಸುತ್ತಿಗೆ ತೆಗೆದರು. ನಾನು ಕಾಗದ ಕೇಳಿದೆ. ಸಿಮೆಂಟು ಬಿದ್ದು ಹಾಳಾಯಿತಮ್ಮ, ಬಿಸಾಡಿದೆ ಎಂದರು, ತಲೆ ಎತ್ತದೆ. ಅವರ ಅಂಗಿ ಕಿಟಕಿಯ ಸರಳಿಗೆ ನೇತುಬಿದ್ದಿತ್ತು, ಜೇಬಿನಲ್ಲಿ ಹಾಳೆಯೂ ಇತ್ತು. ಬೇರೆಯವರ ಚೀಲ ಮುಟ್ಟಿದ್ದಕ್ಕೆ ಮಕ್ಕಳನ್ನು ಬೈದವಳು ನಾನು. ಆ ಜೇಬಿಗೆ ಕೈ ಹಾಕಿದೆ.

ನನ್ನ ದುಂಡಗಿನ ಅಕ್ಷರದ 'ಹತ್ತು, ಎಂಟು' ಅಲ್ಲೇ ಇತ್ತು. ಅದರ ಪಕ್ಕ ದಪ್ಪ ಪೆನ್ಸಿಲ್ಲಿನಲ್ಲಿ ಚಿಕ್ಕದಾಗಿ 'ಆರು' ಎಂದು ಬರೆದು, ಬೆರಳಿನಿಂದ ಉಜ್ಜಿ ಅಳಿಸಿದ್ದರು. ಯಾರ ಕಣ್ಣಿಗಾದರೂ ಬಿದ್ದೀತೆಂದು ತಾವು ಬರೆದ ಸರಿ ಉತ್ತರವನ್ನು ತಾವೇ ಒರೆಸಿದ್ದರು.

"ನಿನ್ನೆ ಯಾಕೆ ಇದನ್ನ ತೋರಿಸ್ಲಿಲ್ಲ?"

"ಸೊಸೆ ಎದುರಿಗೆ ಹೇಗಮ್ಮ ತೋರಿಸೋದು? ನಾನು ನಾಳೆ ಇನ್ನೊಂದು ಮನೆಗೆ ಹೋಗೋನು. ನೀವು ಇಲ್ಲೇ ಇರೋರು."

ಸೊಸೆ ಆಫೀಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಕರೆದು ಹಾಳೆ ಕೊಟ್ಟೆ. ತಪ್ಪು ನನ್ನದು, ಮೇಸ್ತ್ರಿ ಮೊದಲೇ ಕೇಳಿದ್ದರು, ನಾನೇ ಬಾಯಿ ಮುಚ್ಚಿಸಿದೆ ಎಂದೆ. ಅವಳು ಹಾಳೆಯನ್ನೂ ನೆಲವನ್ನೂ ಹೋಲಿಸಿ ನೋಡಿದಳು.

"ನಿನ್ನೆ ನೀವು ಇಲ್ಲೇ ನಿಂತಿದ್ರಿ, ಅತ್ತೆ."

ಅವಳು ಕಂಟ್ರಾಕ್ಟರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಎಲ್ಲ ಹೇಳಿದೆ. ಅವರು ದೊಡ್ಡದಾಗಿ ನಕ್ಕು, ಟೀಚರೂ ತಪ್ಪು ಮಾಡ್ತಾರಾ ಎಂದರು. ಆಮೇಲೆ, ಆಸ್ಪತ್ರೆಗೆ ನಿನ್ನೆ ಸಂಜೆಯೇ ಬೇರೆ ತಂಡಕ್ಕೆ ಮಾತು ಕೊಟ್ಟಾಯಿತು, ಅವರನ್ನು ಈಗ ಬೇಡವೆನ್ನಲಾಗದು, ರಸಮಟ್ಟನಿಗೆ ಮುಂದಿನ ಕೆಲಸ ಖಂಡಿತ ಎಂದರು. ಮುಂದಿನದು ಯಾವಾಗ ಎಂದು ಕೇಳಿದೆ. ನೋಡೋಣ ಎಂದರು. ಹಿಂದಿನ ಸಂಜೆಯೇ ನಾನು ಬಾಯಿ ತೆರೆದಿದ್ದರೆ ಆ ಕೆಲಸ ಅವರದೇ ಆಗಿರುತ್ತಿತ್ತು.

ಮೇಸ್ತ್ರಿ ಇರಲಿ ಬಿಡಿ ಎಂದು ಉಳಿ ಎತ್ತಿಕೊಂಡರು. ಸೊಟ್ಟ ತೋಳನ್ನು ಕಿತ್ತ ಮೇಲೆ ನನಗೊಂದು ಸ್ಟೂಲು ಹಾಕಿ, ನೀವು ಓದಿ ಟೀಚರಮ್ಮ, ನಾನು ಗುರುತು ಮಾಡುತ್ತೇನೆ ಎಂದರು. ಅವರಿಗೆ ನನ್ನ ಓದು ಬೇಕಾಗಿರಲಿಲ್ಲ. ರಟ್ಟಿನಲ್ಲಿ ನಕ್ಷತ್ರ ಕತ್ತರಿಸಿ ತಂದಿದ್ದರು. ಒಂದು ಮೂಲೆ ಹಿಡಿದು ಸರಿಸಿದರೆ ಉಳಿದವೆಲ್ಲ ಜೊತೆಗೇ ಬರುತ್ತವಮ್ಮ, ಯಾವುದನ್ನೂ ಮರೆಯುವ ಹಾಗಿಲ್ಲ ಎಂದು ತೋರಿಸಿದರು. ಆದರೂ ನಾನು ಓದುವವರೆಗೆ ಕಾದರು. ಹತ್ತು, ಆರು ಎಂದು ನಾನು ಓದಿದ ಮೇಲೆಯೇ ಗುರುತು ಹಾಕಿದರು.

ಈಗ ಮನೆಗೆ ಬಂದವರೆಲ್ಲ ನಕ್ಷತ್ರ ನೋಡಿ ಚೆನ್ನಾಗಿದೆ ಎನ್ನುತ್ತಾರೆ. ನನ್ನ ಲೆಕ್ಕ ತಪ್ಪಿತ್ತು, ಮೇಸ್ತ್ರಿ ತಿದ್ದಿದರು, ನನ್ನ ತಪ್ಪಿನಿಂದ ಅವರ ಕೆಲಸ ಹೋಯಿತು ಎಂದು ಪ್ರತಿಸಲವೂ ಹೇಳುತ್ತೇನೆ. ಆ ಸಂಜೆ ನಾನು ಅಲ್ಲೇ ನಿಂತಿದ್ದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಎಷ್ಟು ದೊಡ್ಡ ಮನಸ್ಸು ನಿಮ್ಮದು ಎಂದು ಅವರು ನನ್ನನ್ನೇ ಹೊಗಳುತ್ತಾರೆ. ಸೊಸೆ ಆಗ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಾಳೆ.