ಎಣ್ಣೆ ಮುಟ್ಟದ ಗೇರ್‌ಗಳು

"ಲೇ ನರೇಶ, ಆಚೆ ಹೋಗ್ರೋ ಎಲ್ಲಾ! ಐನೋರು ಬಂದ್ರು. ಪೂಜೆ ಮುಗಿಯೋಗಂಟ ನಿಮ್ ಕೇರಿಯೋರು ಯಾರೂ ಗೇಟ್ ದಾಟಂಗಿಲ್ಲ."

ಕೂಗಿದ್ದು ಮುನಿವೆಂಕಟಪ್ಪ. ಮಧುರೆ ಹೋಬಳಿಯ ಈ ಶೆಡ್ಡಿನ ಜಾಗ ಮೊದಲು ಅವರ ರಾಗಿಹೊಲ. ಅಲ್ಲಿ ನಮ್ಮವ್ವ ಕಳೆ ಕೀಳುತ್ತಿದ್ದಳು. ಈಗ ಅವರ ಮಗ ಸುನಿಲ್‌ಕುಮಾರ್ ಅಲ್ಲಿ ಕ್ರೋಮಿಯಂ ಬೆರೆತ ಉಕ್ಕಿನ ಗೇರ್‌ಗಳನ್ನು ಕಾಯಿಸಿ ಗಟ್ಟಿ ಮಾಡಿಸುತ್ತಾನೆ, ಪಾಪಮ್ಮ ಎಂಬ ನಾನು ಅವುಗಳ ಎಣ್ಣೆ ಒರೆಸುತ್ತೇನೆ. ನಮ್ಮ ಏಳಿಗೆ ಇಷ್ಟು.

ಕುಲುಮೆ ನಡೆಸುವವನು ನನ್ನ ತಮ್ಮ ನರೇಶ. ಅವನ ಸಂಬಳದಲ್ಲೇ ನಮ್ಮ ಮನೆ ನಡೆಯುವುದು. ಗಿರಾಕಿಯ ಲಾರಿ ಬಂದು ನಿಂತಿದ್ದರಿಂದ ಆಯುಧಪೂಜೆಯ ಬೆಳಿಗ್ಗೆಯೂ ಅವನು ಕುಲುಮೆಯ ಗುಂಡಿಗೆ ಒಂದು ಕಬ್ಬಿಣದ ಬುಟ್ಟಿ ಗೇರ್ ಇಳಿಸಿದ್ದ. ಒಡೆಯಲು ಬೂದುಗುಂಬಳ ತಂದವನೂ ಅವನೇ. ಐನೋರು ಉಳಿದ ಕಾರ್ಖಾನೆಗಳನ್ನೆಲ್ಲ ಮುಗಿಸಿ ಬರುವಷ್ಟರಲ್ಲಿ ಗೇರ್‌ಗಳು ಕೆಂಪಗೆ ಕಾದಿದ್ದವು.

"ಗೌಡ್ರೇ, ಇನ್ನೇನು ಎತ್ತಿ ಎಣ್ಣೆಗೆ ಹಾಕ್ಬೇಕು," ಅಂದ ನರೇಶ.

"ಮೊದ್ಲು ಆಚೆ ನಡಿಯೋ, ಬೋಳಿಮಗನೆ!"

ನಡೆದೆವು. ದಿನವೂ ಆ ಬೆಂಕಿಗೆ ಮುಖ ಕೊಟ್ಟು ಬೇಯುವಾಗ ಇಲ್ಲದ ಮೈಲಿಗೆ ಇವತ್ತು ಬಂದುಬಿಟ್ಟಿತು. ನನಗೆ ಮೈಯೆಲ್ಲ ಉರಿಯಿತು. ನರೇಶ ಗೇಟಿನಾಚೆ ಕಲ್ಲುಚಪ್ಪಡಿಯ ಮೇಲೆ ಕೂತು ಬೀಡಿ ಹಚ್ಚಿದ.

ಮಂತ್ರ ಮುಗಿಯಲೊಲ್ಲದು. ಸುನಿಲ್‌ಕುಮಾರ್ ಮತ್ತೆ ಮತ್ತೆ ಗಡಿಯಾರ ನೋಡತೊಡಗಿದ. ಅವನು ಓದಿದವನು, ನಮಗೆ ಕಲಿಸಿದವನೂ ಅವನೇ. ಹೊತ್ತು ಮೀರಿ ಕಾದರೆ ಉಕ್ಕಿನೊಳಗಿನ ಹರಳುಗಳು ದಪ್ಪಗಾಗಿ ಗೇರ್ ಪಟ್ಟನೆ ಮುರಿಯುತ್ತದೆ. ಎತ್ತಿದ ಮೇಲೆ ಎಣ್ಣೆಗೆ ಮುಳುಗುವುದು ತಡವಾದರೆ ಗಟ್ಟಿಯೇ ಆಗುವುದಿಲ್ಲ.

ಕೊನೆಗೆ ತಡೆಯಲಾರದೆ ಬುಟ್ಟಿ ಎತ್ತುವ ರಾಟೆಯ ಸರಪಳಿಯನ್ನು ತಾನೇ ಎಳೆದ. ಬುಟ್ಟಿ ಕುಲುಮೆಯಿಂದ ಮೇಲೆದ್ದಿತು, ಆದರೆ ಎಣ್ಣೆತೊಟ್ಟಿಯ ಕಡೆ ಸರಿಯದೆ ಸೂರಿನಡಿಯ ಹಳಿಯಲ್ಲಿ ಸಿಕ್ಕಿಕೊಂಡಿತು. ಝಳ ತಾಳದೆ ಐನೋರು ಮಂಗಳಾರತಿ ತಟ್ಟೆ ಸಮೇತ ಓಡಿದರು.

"ನರೇಶ! ಬಾರೋ ಬೇಗ, ಎಣ್ಣೆಗಿಳಿಸೋ! ಎಲ್ಲಾ ಹಾಳಾಗೋಯ್ತದೆ ಗುರು!"

ಗುರು ಅಂದ ಸುನಿಲ್‌ಕುಮಾರ್, ಅಯ್ಯೋ ಪಾಪ. ನರೇಶ ಎದ್ದು ಗೇಟಿನ ತನಕ ಹೋದ.

"ನಾವೆಲ್ಲಾ ಒಳೀಕೆ ಬರ್ಬೋದಾ, ಇಲ್ಲಾ ನನ್ ಕೈಯೆರಡೇ ಬೇಕಾ?"

ಸುನಿಲ್‌ಕುಮಾರ್ ಅಪ್ಪನ ಮುಖ ನೋಡಿದ.

"ನೀನೊಬ್ನೇ ಬಂದು ಇಳಿಸ್ಬಿಟ್ಟು ಹೋಗು," ಅಂದರು ಮುನಿವೆಂಕಟಪ್ಪ. "ಆಮೇಲೆ ಗಂಜಲ ಚಿಮುಕಿಸ್ಕೋತೀವಿ."

"ಹಂಗಾದ್ರೆ ಗಂಜಲದ ಕೈಲೇ ಇಳಿಸ್ಕೊಳ್ಳಿ."

"ನಾಳೆಯಿಂದ ಕೆಲ್ಸ ಇಲ್ಲ ಕಣೋ ನಿಂಗೆ! ಯಾರ್ ಕೊಡ್ತಾರೋ ನೋಡ್ತೀನಿ!"

"ಆಯ್ತು."

ನರೇಶ ಗೇಟನ್ನು ಹೊರಗಿನಿಂದ ಎಳೆದು ಮುಚ್ಚಿದ. ಸರಳುಗಳ ಸಂದಿಯಲ್ಲಿ ಬುಟ್ಟಿ ಕಾಣುತ್ತಿತ್ತು. ಕೆಂಪು ಮಾಸಿತು, ಆಮೇಲೆ ಬೂದಿಯ ಬಣ್ಣ ಬಂತು. ಅಪ್ಪ ಮಗ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು.

ನರೇಶ ಚಪ್ಪಡಿಯ ಮೇಲೆ ಸ್ವಲ್ಪ ಸರಿದ.

"ಕೂತ್ಕೋ ಅಕ್ಕಾ."

ಕೂತೆ.